ಸೋಗಾನೆ ದಾರಿಯ ಹಿಮನದಿ

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಹೊಸಮನೆ ಬಡಾವಣೆಯ ನಮ್ಮ ಬೀದಿಯಲ್ಲಿ ನನ್ನ ಓರಗೆಯವರಿಗೆಲ್ಲ ಯೋಗವೋ ಸಕ್ಕರೆ ಕಾಯಿಲೆಯೋ ಹಿಡಿದಿತ್ತು. ನನಗೆ ಹಿಡಿದದ್ದು ಕಲ್ಲು.

ಒಂದು ಭಾನುವಾರ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುವ ಮೇಡಂ ಒಬ್ಬರು ನಮ್ಮ ಸೀಮೆಯ ಬಂಡೆಗಳ ಬಗ್ಗೆ ಉಪನ್ಯಾಸ ಕೊಟ್ಟರು. ಫ್ಯಾನಿನ ಕೆಳಗೆ ಜಾಗ ಸಿಕ್ಕಿತೆಂದು ಕೂತಿದ್ದೆ. ಕೊನೆಯಲ್ಲಿ ಯಾರೋ, “ನಮ್ಮ ಕಡೆ ಯಾವತ್ತಾದ್ರೂ ಹಿಮನದಿ ಇತ್ತಾ ಮೇಡಂ?” ಎಂದು ಕೇಳಿದರು. ಚಿತ್ರದುರ್ಗದ ಕಡೆಯ ಒಂದು ಬಗೆಯ ಬಂಡೆಯಲ್ಲಿ ಉರುಟು ಕಲ್ಲುಗಳು ಸಿಕ್ಕಿಕೊಂಡಿವೆ, ಬಹಳ ಬಹಳ ಹಿಂದೆ ಹಿಮವೇ ಅವನ್ನು ಹೊತ್ತು ತಂದಿರಬಹುದೆಂದು ಕೆಲವರು ಊಹಿಸಿದ್ದುಂಟು, ಆದರೆ ಎಲ್ಲರೂ ಅದನ್ನು ಒಪ್ಪಿಲ್ಲ ಎಂದರು ಮೇಡಂ. ನನ್ನ ಕಿವಿಯ ಸ್ವಭಾವವೇ ಒಂದು ಥರ. ‘ಆದರೆ’ ಬಂದ ಕೂಡಲೇ ಅದು ಮುಚ್ಚಿಕೊಳ್ಳುತ್ತದೆ. ಮನೆಗೆ ಬಂದು ಹೆಂಡತಿಗೆ, “ಇಲ್ಲೆಲ್ಲಾ ಹಿಮ ಇತ್ತಂತೆ ಕಣೇ” ಎಂದೆ. ಅವಳು ಬೆವರು ಒರೆಸಿಕೊಳ್ಳುತ್ತಾ, “ಎಲ್ಲಿ ಹೋಯ್ತು?” ಎಂದಳು.

ಆಮೇಲೆ ಎರಡು ತಿಂಗಳು ಮೊಬೈಲಿನಲ್ಲಿ ಹಿಮನದಿಗಳನ್ನೇ ನೋಡಿದೆ. ಹಿಮನದಿ ಜಾರುವಾಗ ತಳದಲ್ಲಿ ಸಿಕ್ಕಿದ ಕಲ್ಲುಗಳನ್ನು ಎಳೆದೊಯ್ಯುತ್ತದೆ, ಅವು ಕೆಳಗಿನ ಬಂಡೆಯ ಮೇಲೆ ಒಂದೇ ದಿಕ್ಕಿಗೆ ಗೀರು ಮೂಡಿಸುತ್ತವೆ ಎಂದು ತಿಳಿಯಿತು. ಇಷ್ಟು ಜ್ಞಾನ ಅಪಾಯಕ್ಕೆ ಸಾಕು.

ಅದೇ ಬೇಸಿಗೆಯಲ್ಲಿ ನನ್ನ ಷಡ್ಡಕನನ್ನು ಸೋಗಾನೆಯ ವಿಮಾನ ನಿಲ್ದಾಣಕ್ಕೆ ಬಿಟ್ಟು ಬರುವಾಗ, ಮೂತ್ರಕ್ಕೆಂದು ಕಾರು ನಿಲ್ಲಿಸಿ ರಸ್ತೆಯಿಂದ ಸ್ವಲ್ಪ ಒಳಗೆ ಹೋದೆ. ಅಲ್ಲೊಂದು ಅಗಲವಾದ ಹಾಸುಬಂಡೆ. ಅದರ ಮೇಲೆ ಸಾಲುಸಾಲಾಗಿ, ಒಂದೇ ದಿಕ್ಕಿಗೆ, ಬಾಚಣಿಗೆಯಿಂದ ಎಳೆದ ಹಾಗೆ ಗೀರುಗಳು! ಬಂದ ಕೆಲಸವನ್ನೇ ಮರೆತೆ. ಭಾರತದ ಭೂವಿಜ್ಞಾನ ಇಷ್ಟು ದಿನ ನನ್ನ ಮೂತ್ರಕೋಶಕ್ಕಾಗಿ ಕಾದಿತ್ತು ಅನ್ನಿಸಿತು.

ಮೊದಲು ಹೇಳಿದ್ದು ಅಕ್ಕನಿಗೆ. ಭಾವ ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿದ್ದವರು. ಅವರು ತೀರಿಕೊಂಡ ಮೇಲೂ ಅಕ್ಕ ಕಾಗದನಗರದ ಹತ್ತಿರವೇ ಬಾಡಿಗೆ ಮನೆ ಹಿಡಿದು, ರವಿಕೆ ಹೊಲಿದುಕೊಂಡು, ಯಾರ ಮಾತಿಗೂ ಸಿಗದೆ ಇದ್ದಾಳೆ.

“ಐಸಾ?” ಎಂದಳು ಮೆಷಿನ್ ನಿಲ್ಲಿಸಿ. “ಕರೆಂಟ್ ಹೋದ್ರೆ ಫ್ರಿಜ್ಜಲ್ಲೇ ನಿಲ್ಲಲ್ಲ. ಬಯಲಲ್ಲಿ ಹೆಂಗೆ ನಿಂತಿತ್ತೋ ಮಾರಾಯ?”

“ಅದು ಕೋಟಿಗಟ್ಟಲೆ ವರ್ಷದ ಹಿಂದಿನ ಮಾತು ಅಕ್ಕ.”

“ಗೀರು ಮಾತ್ರ ಹಂಗೇ ಉಳ್ಕೊಂಡಿದೆಯಾ? ಮಳೆ ಬೀಳ್ಲೇ ಇಲ್ವಾ?”

ಅದು ಒಳ್ಳೆಯ ಪ್ರಶ್ನೆಯಾಗಿತ್ತು. ಒಳ್ಳೆಯ ಪ್ರಶ್ನೆಗಳಿಗೆ ನಾನು ಬ್ಯಾಂಕಿನಲ್ಲಿ ಕೊಡುತ್ತಿದ್ದ ಉತ್ತರವನ್ನೇ ಕೊಟ್ಟೆ: “ನಿಂಗೆ ಅದೆಲ್ಲಾ ಅರ್ಥ ಆಗಲ್ಲ ಬಿಡು.”

ಬೆಳಗಿನ ವಾಕಿಂಗ್ ಗೆಳೆಯರ ಬಳಗದಲ್ಲಿ ಸುದ್ದಿ ಹರಡಿದೆ. ಅಡಿಕೆ ವ್ಯಾಪಾರ ಮಾಡುವ ಗೆಳೆಯನೊಬ್ಬ ಟೆಂಪೊ ಟ್ರಾವೆಲರ್ ಗೊತ್ತುಮಾಡಿದ. ಮುಂದಿನ ಭಾನುವಾರ ಎಲ್ಲರೂ ಹಿಮನದಿ ನೋಡಲು ಹೊರಡುವುದೆಂದು ತೀರ್ಮಾನವಾಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಮಾನ ಉಳಿಯುತ್ತಿತ್ತು. ಆದರೆ ನನ್ನ ಶೋಧಕ್ಕೆ ಮೊಹರು ಬೀಳಬೇಕಲ್ಲ? ಮೇಡಂಗೆ ಫೋನ್ ಮಾಡಿ ಮುಖ್ಯ ಅತಿಥಿಯಾಗಿ ಕರೆದೆ. ಏನು ತೋರಿಸುತ್ತೇನೆಂದು ಹೇಳಲಿಲ್ಲ. ಅಚ್ಚರಿಯಾಗಲಿ ಎಂದು. ಅಕ್ಕನನ್ನೂ ಕರೆದೆ, ಅವಳ ಚಿತ್ರಾನ್ನಕ್ಕಾಗಿ.

ಬಂಡೆಯ ಮೇಲೆ ನಿಂತು ಭಾಷಣ ಮಾಡಿದೆ. ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು, ಜನ ಟವೆಲ್ ಹೊದ್ದು ನಿಂತಿದ್ದರು. “ಕಲ್ಪಿಸಿಕೊಳ್ಳಿ,” ಎಂದೆ, “ಈಗ ನಾವು ನಿಂತಿರುವ ಜಾಗದಲ್ಲಿ ಎತ್ತ ನೋಡಿದರೂ ಬಿಳಿ ಹಿಮ. ಅದರ ಬೆರಳಿನ ಗುರುತು ಇಲ್ಲಿದೆ!” ಎನ್ನುತ್ತಾ ಬಗ್ಗಿ ಗೀರು ತೋರಿಸಿದೆ. ಚಪ್ಪಾಳೆ ಬಂತು.

ಮೇಡಂ ಕೂತು ಬಂಡೆಯನ್ನು ಕೈಯಿಂದ ಸವರಿದರು. ಬಹಳ ಹೊತ್ತು ಸವರಿದರು. ಆಮೇಲೆ ಮೆಲ್ಲಗೆ, “ಇದು ನೈಸ್” ಎಂದರು.

“ಥ್ಯಾಂಕ್ಯೂ ಮೇಡಂ,” ಎಂದೆ ಎದೆಯುಬ್ಬಿಸಿ.

“ಅಲ್ಲ ಸರ್, ಈ ಬಂಡೆಯ ಜಾತಿ. ನೈಸ್ ಅಂತ ಇದರ ಹೆಸರು.”

ಯಾರೋ ಹಿಂದೆ ಕಿಸಕ್ಕೆಂದರು. ಮೇಡಂ ಬಾಟಲಿಯ ನೀರನ್ನು ಗೀರಿನ ಮೇಲೆ ಸುರಿದು, ಕರವಸ್ತ್ರದಿಂದ ಉಜ್ಜಿ, ನನಗೆ ತೋರಿಸಿದರು. ಬಟ್ಟೆಯ ಮೇಲೆ ತುಕ್ಕಿನ ಕೆಂಪು. ಹಿಮನದಿ ಗೀರಿದ್ದರೆ ಬಂಡೆ ಉಜ್ಜಿ ನುಣುಪಾಗಿರುತ್ತಿತ್ತು, ಇಲ್ಲಿ ಗೀರಿನ ಒಳಗೆ ಕಲ್ಲು ಇನ್ನೂ ಪುಡಿಪುಡಿಯಾಗಿದೆ, ಕಬ್ಬಿಣದ ಚೂರೂ ಅಂಟಿದೆ ಎಂದರು. “ಇಲ್ಲಿ ಮಣ್ಣು ತೆಗೆಯುವಾಗ ಬುಲ್ಡೋಜರ್ ಹಲ್ಲು ತಾಗಿರ್ಬೇಕು ಸರ್. ವಿಮಾನ ನಿಲ್ದಾಣದಷ್ಟೇ ವಯಸ್ಸು.”

ನನ್ನ ಹಿಮಯುಗ ಅಲ್ಲಿಗೆ ಕರಗಿತು. ಅಡಿಕೆ ಗೆಳೆಯ ಬಂಡೆಯ ಮೇಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. “ಸಾರ್, ಸ್ವೆಟರ್ ತೆಗೀಬಹುದಾ?” ಎಂದು ಇನ್ನೊಬ್ಬ. ನಾನೂ ನಕ್ಕೆ. ಸೀದಾ ಹೋಗಿ ಗಾಡಿಯಲ್ಲಿ ಕೂತುಬಿಡೋಣ ಅನ್ನಿಸಿತು, ಆದರೆ ಗಾಡಿಯ ಬೀಗದ ಕೈ ಡ್ರೈವರ್ ಹತ್ತಿರವಿತ್ತು, ಡ್ರೈವರೂ ನಗುತ್ತಿದ್ದ.

ನಗದೇ ಇದ್ದವಳು ಅಕ್ಕ ಒಬ್ಬಳೇ. ಅವಳು ನನ್ನ ಕಡೆ ನೋಡುತ್ತಲೂ ಇರಲಿಲ್ಲ. ನೀರು ಬಿದ್ದು ಒದ್ದೆಯಾದ ಜಾಗದಲ್ಲಿ ಬಂಡೆಯ ಬಣ್ಣ ಎದ್ದು ಬಂದಿತ್ತು. ಕಪ್ಪು ಬಿಳುಪು ಪಟ್ಟೆಗಳು, ಕೆಲವು ಕಡೆ ಸೀರೆಯ ನೆರಿಗೆಯಂತೆ ಮಡಚಿಕೊಂಡಿದ್ದವು.

“ಇದನ್ನ ಹಿಂಗೆ ಮಡಚಿದ್ದು ಯಾರು ಮೇಡಂ?” ಎಂದು ಕೇಳಿದಳು.

ಮೇಡಂ ಮುಖ ಅರಳಿತು. ಇದು ಸುಮಾರು ಮುನ್ನೂರು ಕೋಟಿ ವರ್ಷದಷ್ಟು ಹಳೆಯ ಕಲ್ಲು, ಒಂದು ಕಾಲಕ್ಕೆ ನೆಲದ ಬಹಳ ಆಳದಲ್ಲಿತ್ತು, ಅಲ್ಲಿನ ಕಾವಿಗೂ ಒತ್ತಡಕ್ಕೂ ಕಲ್ಲೇ ಕಣಕದ ಹಾಗೆ ಬಾಗಿ ಮಡಚಿಕೊಂಡಿತು ಎಂದು ವಿವರಿಸಿದರು.

“ಅಷ್ಟು ಕೆಳಗಿದ್ದದ್ದು ಮೇಲೆ ಹೆಂಗೆ ಬಂತು?”

“ಕಲ್ಲು ನಿಧಾನಕ್ಕೆ ಮೇಲೆದ್ದಿದೆ ಅಮ್ಮ. ಮೇಲಿದ್ದದ್ದನ್ನ ಮಳೆ, ಗಾಳಿ, ಹೊಳೆ ಎಲ್ಲಾ ಸೇರಿ ಸವೆಸಿದಾವೆ.”

ಅಕ್ಕ ಚಪ್ಪಲಿ ಬಿಟ್ಟು ಬಂದು ನೆರಿಗೆಯೊಂದರ ಮೇಲೆ ಬೆರಳಿಟ್ಟು ಅದು ಹೋದ ದಾರಿಯಲ್ಲೇ ಹೋದಳು. ಅರ್ಧ ಗಂಟೆ ಭಾಷಣ ಮಾಡಿದ ನಾನು ಆ ನೆರಿಗೆಯ ಮೇಲೇ ಬೂಟು ಹಾಕಿಕೊಂಡು ನಿಂತಿದ್ದೆ. ನಗುತ್ತಿದ್ದವರೂ ಒಬ್ಬೊಬ್ಬರಾಗಿ ಬಗ್ಗಿದರು. ಎಲ್ಲರ ಬಾಟಲಿಯ ನೀರೂ ಬಂಡೆಯ ಮೇಲೆ ಖಾಲಿಯಾಯಿತು. ಊಟದ ಹೊತ್ತಿಗೆ ಕುಡಿಯಲು ಏನೂ ಉಳಿದಿರಲಿಲ್ಲ, ಚಿತ್ರಾನ್ನಕ್ಕೆ ಹಸಿಮೆಣಸು ಬೇರೆ ಜಾಸ್ತಿಯಾಗಿತ್ತು.

ಅಂದಿನಿಂದ ವಾಕಿಂಗ್ ಬಳಗದಲ್ಲಿ ನಾನು ‘ಐಸ್‌ಕ್ಯಾಂಡಿ’. ಸೊಪ್ಪು ಮಾರುವವಳಿಗೂ ಗೊತ್ತಾಗಿದೆ.

ಅಕ್ಕ ಮಾತ್ರ ಮೇಡಂ ನಂಬರ್ ತೆಗೆದುಕೊಂಡಿದ್ದಳು. ತಿಂಗಳಾದ ಮೇಲೆ ಫೋನ್ ಮಾಡಿ, “ತರೀಕೆರೆ ಕಡೆ ಉರುಟು ಕಲ್ಲಿನ ಬಂಡೆ ಇದೆಯಂತೆ. ನಾನೂ ಮೇಡಮ್ಮೂ ಹೋಗ್ತೀವಿ. ನಿನ್ನ ಕಾರು ತಗೊಂಡು ಬಾ,” ಎಂದಳು.

“ನಾನೂ ನೋಡ್ಬಹುದಾ?”

“ನೋಡು. ವಿವರಿಸ್ಬೇಡ.”

ಹೋದೆವು. ಗುಡ್ಡದ ಬುಡದಲ್ಲಿ ಆ ಬಂಡೆ ಕಡಲೆ ಉಂಡೆಯ ಹಾಗಿತ್ತು. ಮೊಟ್ಟೆಯಷ್ಟು, ತೆಂಗಿನಕಾಯಿಯಷ್ಟು ಉರುಟು ಕಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಅಕ್ಕ ಒಂದರ ಮೇಲೆ ಅಂಗೈಯಿಟ್ಟು, “ಇದನ್ನ ಉರುಟು ಮಾಡಿದ್ದು ಹೊಳೆಯಾ, ಐಸಾ?” ಎಂದು ಕೇಳಿದಳು. ನನ್ನ ಬಾಯಿ ತಾನಾಗಿ ತೆರೆಯಿತು. ಇಬ್ಬರೂ ತಿರುಗಿ ನೋಡಿದರು. ಮುಚ್ಚಿಕೊಂಡೆ.

“ಹೊಳೆ ಅಂತ ಕಾಣುತ್ತೆ,” ಎಂದರು ಮೇಡಂ. “ಆದರೆ ಆ ಹೊಳೆ ಎಲ್ಲಿಂದ ಬರ್ತಿತ್ತು, ಹೇಗಿತ್ತು ಅಂತ ಪೂರ್ತಿ ಯಾರಿಗೂ ಗೊತ್ತಿಲ್ಲ.”

ಅಕ್ಕ ಅಲ್ಲೇ ಸೆರಗು ಸಿಕ್ಕಿಸಿಕೊಂಡು ಕೂತುಬಿಟ್ಟಳು. ಭಾವ ಹೋದ ಮೇಲೆ ಅವಳು ಇಷ್ಟು ನಿರಾಳವಾಗಿ ಎಲ್ಲೂ ಕೂತದ್ದನ್ನು ನಾನು ಕಂಡಿರಲಿಲ್ಲ. ಹಿಂದಿರುಗುವ ಅವಸರ ಅವಳಿಗಿರಲಿಲ್ಲ. ನಾನು ಕಾರನ್ನು ನೆರಳಿಗೆ ನಿಲ್ಲಿಸಿ ಬರಲು ಹೋದೆ.