ಇಟ್ಟಮಡುವಿನ ದರ್ಭೆ ಬೋರಯ್ಯ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಇಟ್ಟಮಡು ಕೆರೆಯ ಅಂಚಿನಲ್ಲಿ ಬೋರಯ್ಯ ಕೈಗಳಿಗೆ ಹಳೇ ಪಂಚೆಯ ತುಂಡು ಸುತ್ತಿಕೊಂಡು ಕುಕ್ಕರಗಾಲಲ್ಲಿ ಕುಳಿತಿದ್ದಾರೆ. ಎದುರಿಗೆ ಸೊಂಟದೆತ್ತರದ ದರ್ಭೆ, ಪೊದೆಪೊದೆಯಾಗಿ. ಒಂದೊಂದು ಗರಿಯ ಅಂಚೂ ಗರಗಸ. ಬುಡದಿಂದ ನಾಲ್ಕು ಬೆರಳು ಮೇಲೆ ಕುಡುಗೋಲು ಆಡುತ್ತದೆ. ತುದಿ ಮುರಿದ ಗರಿಗಳನ್ನು ಅವರು ಪಕ್ಕಕ್ಕೆ ಎಸೆಯುತ್ತಾರೆ. ಅಂಥದ್ದನ್ನು ಪುರೋಹಿತರು ಒಪ್ಪುವುದಿಲ್ಲ.

ಇದು 1980ರ ಫೆಬ್ರವರಿ. ಮಧ್ಯಾಹ್ನ ಸೂರ್ಯಗ್ರಹಣ. ದೋಷ ತಟ್ಟದಿರಲೆಂದು ಜಯನಗರ, ಬನಶಂಕರಿಯ ಮನೆಗಳಲ್ಲಿ ಕುಡಿಯುವ ನೀರಿಗೂ ಮೊಸರಿಗೂ ಇವತ್ತು ಒಂದೊಂದು ದರ್ಭೆ ಬೀಳಲೇಬೇಕು. ಬೋರಯ್ಯನವರಿಗೆ ಇಂಥ ವ್ಯಾಪಾರ ವರ್ಷಗಳಿಂದ ಆಗಿಲ್ಲ. ಆದರೆ ಸೋಮವಾರ ಇದೇ ಜಾಗಕ್ಕೆ ಬುಲ್ಡೋಜರ್ ಬರುತ್ತದೆ. ಗೃಹ ನಿರ್ಮಾಣ ಸಂಘದವರು ಆಗಲೇ ಗೂಟ ನೆಟ್ಟಿದ್ದಾರೆ.

"ಬೇರು ಸಮೇತ ಕಿತ್ತು ಮಾರಿಬಿಡು ಅಂದ್ರೆ ಕೇಳಲ್ಲ ಈವಯ್ಯ," ಎಂದು ಹೆಂಡತಿ ಯಲ್ಲಮ್ಮ ಕಟ್ಟು ಬಿಗಿಯುತ್ತಲೇ ದೂರುತ್ತಾರೆ. "ಹುಲ್ಲಿನ ಮೇಲಿರೋ ಕರುಣೆ ನನ್ನ ಬೆನ್ನಿನ ಮೇಲಿಲ್ಲ."

ಬೋರಯ್ಯ ಈ ಹುಲ್ಲಿಗೆ ಬಂದದ್ದು ದನ ಕಾಯುತ್ತ. "ಎಮ್ಮೆ ತಿನ್ನಲ್ಲ, ಆಡು ತಿನ್ನಲ್ಲ. ಐನೋರಿಗೆ ಮಾತ್ರ ಬೇಕು. ಪೈಪೋಟಿ ಇಲ್ಲ ಅಂತ ಹಿಡಿದೆ." ಮುಂಗಾರಿನ ಮೊದಲ ಮಳೆಗೆ ಪೊದೆಯನ್ನು ಬುಡದಲ್ಲಿ ಸೀಳಿ, ಮಾರು ದೂರಕ್ಕೊಂದರಂತೆ ನೆಡುತ್ತಾರೆ. ಗೊಬ್ಬರ ಕೇಳದು. ಎರಡು ಮಳೆಗಾಲ ಕಳೆದರೆ ಕೊಯ್ಲು. ಬೇರು ಉಳಿದರೆ ಮತ್ತೆ ಚಿಗುರು. ಕೊಯ್ದದ್ದನ್ನು ನೆರಳಲ್ಲಿ ಒಣಗಿಸಿ ಕಟ್ಟು ಕಟ್ಟುವುದು ಯಲ್ಲಮ್ಮನ ಕೆಲಸ; ಇವತ್ತು ಮಾತ್ರ ಹಸಿಯದನ್ನೇ. ಇಬ್ಬರ ಅಂಗೈಯೂ ಗೀರು ಗೀರು. ಖಾರದ ಸಾರಿಗೆ ಮುದ್ದೆ ಅದ್ದುವಾಗ ಇಬ್ಬರೂ ಉರಿಗೆ ಕೈ ಊದಿಕೊಳ್ಳುತ್ತಾರಂತೆ.

ಒಂಬತ್ತಕ್ಕೆ ಕಟ್ಟುಗಳನ್ನು ಹೇರಿದ ಬೋರಯ್ಯನವರ ಸೈಕಲ್ಲು ಜಯನಗರದಲ್ಲಿದೆ. ನಿವೃತ್ತ ಮುಖ್ಯೋಪಾಧ್ಯಾಯಿನಿ ಕಾತ್ಯಾಯಿನಿಯವರು ಗೇಟಿನಲ್ಲೇ ಕಾದಿದ್ದಾರೆ.

"ಫ್ರಿಜ್ಜಿಗೆ ಒಳಗಿಡಬೇಕೋ, ಮೇಲಿಡಬೇಕೋ ಬೋರಯ್ಯ?"

"ಗೊತ್ತಿಲ್ಲಮ್ಮ. ನಮ್ಮನೇಲಿರೋದು ಗಡಿಗೆ."

"ಹಾಗಾದ್ರೆ ಎರಡಕ್ಕೂ ಕೊಡು. ರೇಡಿಯೋಗೂ ಒಂದಿರಲಿ."

"ಅದಕ್ಯಾಕಮ್ಮ?"

"ಗ್ರಹಣದ ಸುದ್ದಿಯೆಲ್ಲ ಅದರಲ್ಲೇ ತಾನೆ ಒಳಗೆ ಬರೋದು."

ಕಟ್ಟನ್ನು ಕೈಯಿಂದ ಕೈಗೆ ಕೊಡುವಂತಿಲ್ಲ; ಜಗಲಿಯ ಮೇಲಿಡಬೇಕು. ನೀರು ಚಿಮುಕಿಸಿ ಒಳಗೊಯ್ಯುತ್ತಾರೆ. ಬೋರಯ್ಯ ಬೇಸರ ತೋರುವುದಿಲ್ಲ. "ನೀರು ಬಿದ್ರೆ ಒಳ್ಳೇದೇಯ. ತುದಿ ಮುರಿಯಲ್ಲ," ಎನ್ನುತ್ತಾರೆ. ಅದು ಬರೀ ಹುಲ್ಲಿನ ಮಾತೋ ಅಲ್ಲವೋ, ಮುಖ ನೋಡಿ ಹೇಳುವುದು ಕಷ್ಟ.

ಊಟದ ಹೊತ್ತಿಗೆ ಕಟ್ಟೆಲ್ಲ ಖಾಲಿ. ಬೋರಯ್ಯ ಕೆರೆಯಂಚಿಗೆ ಮರಳಿದರೆ ಅಲ್ಲೊಂದು ಸ್ಕೂಟರು ನಿಂತಿದೆ. ಗೂಟ ನೆಡಿಸಿದ ಸಂಘದ ಕಾರ್ಯದರ್ಶಿ ಗಂಗಾಧರಯ್ಯ, ಬೂಟು ಕೆಸರಾಗಿ, ಒಂದು ಪೊದೆಯೊಂದಿಗೆ ಜಗ್ಗಾಡುತ್ತಿದ್ದಾರೆ. ಪೊದೆ ಜಗ್ಗಿಲ್ಲ, ಅಂಗೈ ಕೊಯ್ದಿದೆ.

"ಎಲ್ಲೂ ಸಿಗಲಿಲ್ಲಪ್ಪ. ವರ್ಷದ ಉಪ್ಪಿನಕಾಯಿ ಮುಂದೆ ನಮ್ಮ ಮನೆಯವಳು ಕಾವಲು ಕೂತಿದ್ದಾಳೆ. ಇದೇನಯ್ಯ ಹುಲ್ಲೋ ಬ್ಲೇಡೋ?"

ಬೋರಯ್ಯ ತಮ್ಮ ಕೈಯ ಬಟ್ಟೆ ಬಿಚ್ಚಿ ಅವರ ಕೈಗೆ ಸುತ್ತುತ್ತಾರೆ. ಕುಡುಗೋಲಿನಿಂದ ಒಂದು ಹಿಡಿ ಕೊಯ್ದು ಕೊಡುತ್ತಾರೆ. ಈ ಸಲ ಕೈಯಿಂದ ಕೈಗೇ. ಗಂಗಾಧರಯ್ಯನವರಿಗೆ ನೀರು ಚಿಮುಕಿಸುವ ನೆನಪಾದಂತಿಲ್ಲ.

"ಬೇರು ಕೀಳ್ಬ್ಯಾಡಿ ಸಾರ್. ಬರೋ ತಿಂಗಳು ನಿಮ್ಮ ತಂದೇರ ತಿಥಿಗೆ ಬೇಕು."

"ಅದು ನಿಂಗೆ ಹೆಂಗಯ್ಯ ಗೊತ್ತು?"

"ನಿಮ್ ಪುರೋಹಿತ್ರು ಆಗ್ಲೇ ಹೇಳವ್ರೆ ಸಾರ್. ನಂಗೂ ಯೋಚ್ನೆ, ಸೋಮವಾರ ಆದ್ಮೇಲೆ ಎಲ್ಲಿಂದ ತರೋದು ಅಂತ."

ಗಂಗಾಧರಯ್ಯ ಆಕಾಶ ನೋಡುತ್ತಾರೆ, ಗಡಿಯಾರ ನೋಡುತ್ತಾರೆ, ಗೂಟ ನೋಡುತ್ತಾರೆ. ಬಡಾವಣೆಗೆ ಹೇಗಿದ್ದರೂ ಒಂದು ಪಾರ್ಕು ಬಿಡಲೇಬೇಕು. ಅದು ಆ ಕಡೆಯೇ ಇರಬೇಕೆಂದೇನಿಲ್ಲ, ಈ ಪೊದೆಗಳಿರುವಲ್ಲೂ ಆಗಬಹುದು, ಎಂದು ಯಾರೂ ಕೇಳದಿದ್ದರೂ ಹೇಳುತ್ತಾರೆ. ಗ್ರಹಣ ಹಿಡಿಯುವ ಮುಂಚೆ ಅವರೇ ಎರಡು ಗೂಟ ಕಿತ್ತು ಪೊದೆಗಳ ಆಚೆಗೆ ನೆಡುತ್ತಾರೆ.

ಸೋಮವಾರ ಬುಲ್ಡೋಜರ್ ಸುತ್ತಲೂ ಮಟ್ಟ ಮಾಡಿ ಹೋಗುತ್ತದೆ. ನಡುವೆ ದರ್ಭೆ ಹಾಗೇ ಇದೆ. ಇನ್ನು ಬೋರಯ್ಯನವರ ಬೇಡಿಕೆ ಒಂದೇ.

"ಲಾಲ್‌ಬಾಗಲ್ಲಿ ಹಾಕಿರ್ತಾರಲ್ಲ, ಹುಲ್ಲು ತುಳೀಬ್ಯಾಡಿ ಅಂತ, ಅಂಥದ್ದೊಂದು ಬೋರ್ಡು ಹಾಕಿಸ್ಕೊಟ್ರೆ ಸಾಕು."

"ತುಳಿದ್ರೆ ಇದಕ್ಕೇನಾಯ್ತದೆ?" ಎಂದು ಯಲ್ಲಮ್ಮ ನಗುತ್ತಾರೆ.

"ಬೋರ್ಡು ಹುಲ್ಲಿಗಲ್ಲ ಕಣೆ. ತುಳಿಯೋರ ಕಾಲಿಗೆ."