ರಾಯರ ಅಂಜಿಕೆ, ಅಂಬಮ್ಮನ ಸಜ್ಜೆ

ಮಣ್ಣನ್ನು ಬೆರಳ ತುದಿಯಲ್ಲಿ ಓದಬಲ್ಲವರು ನಮ್ಮ ಸೀಮೆಯಲ್ಲಿ ಬಹಳ ಮಂದಿ ಇಲ್ಲ; ಇರುವ ಕೆಲವರಲ್ಲಿ, ಕಲಬುರಗಿಯ ಮಣ್ಣು ಪರೀಕ್ಷಾ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀ ಜಯತೀರ್ಥರಾಯರು ಮೊದಲ ಸಾಲಿನವರು. ಎರೆಭೂಮಿಯ ನಾಡಿನಲ್ಲಿ ಯಾರೂ ತಿರುಗಿ ನೋಡದ ಹಳ್ಳದ ದಂಡೆಯ ಉಸುಕು ಹೊಲಗಳನ್ನು ಅವರು ತಮ್ಮವೆಂದುಕೊಂಡರು. ಈಚಿನ ಪುಸ್ತಕಗಳು ಬಯೋಚಾರ್ ಎಂದು ಹೆಸರಿಸುವ ವಸ್ತು ಅವರ ಬಾಯಲ್ಲಿ ಅಂದಿಗೂ ಇಂದಿಗೂ ಬರೀ ಇದ್ದಲಿ ಪುಡಿ.

ಸೇವೆಗೆ ಸೇರಿ ಹದಿನೈದು ವರ್ಷವಾಗಿದ್ದ ೧೯೮೮ರ ಬೇಸಿಗೆಯಲ್ಲಿ, ಕಮಲಾಪುರದ ಅಂಬಮ್ಮನವರ ಒಂದೆಕರೆ ಉಸುಕು ಹೊಲಕ್ಕೆ ಇದ್ದಲಿ ಬೆರೆಸಲು ರಾಯರು ಹೇಳಿದರು. ತೊಗರಿ ಕಟ್ಟಿಗೆಯನ್ನು ಕುಣಿಯಲ್ಲಿ ಸುಟ್ಟು, ಬೂದಿಯಾಗುವ ಮೊದಲೇ ನೀರು ಹೊಡೆದು ಆರಿಸಿ, ಕುಟ್ಟಿ ಮಣ್ಣಿಗೆ ಸೇರಿಸಿದ್ದಾಯಿತು. ಉಸುಕಿನಲ್ಲಿ ಜಾರಿಹೋಗುವ ನೀರನ್ನು ಇದ್ದಲಿ ಹಿಡಿದಿಡುತ್ತದೆಂಬುದು ಅವರು ಓದಿ ನಂಬಿದ ಮಾತು. ಅಂಬಮ್ಮ ನಂಬಿದ್ದು ರಾಯರನ್ನು. ಮುಂಗಾರಿಗೆ ಸಜ್ಜೆ ಬಿತ್ತಿದರು. ಆ ಮನೆಯ ಆರು ಮಂದಿಗೆ ವರ್ಷದ ರೊಟ್ಟಿ ಆ ಹೊಲವೇ.

ಮೂರು ವಾರಕ್ಕೆ ಪೈರು ಹಳದಿಯಾದ ಸುದ್ದಿ ಬಂತು. ಅಂದೇ ರಾಯರ ಎದೆಗೆ ಅಂಜಿಕೆ ಹೊಕ್ಕಿತು. ಸಂಧ್ಯಾವಂದನೆಗೆ ಕುಳಿತರೆ ಜಪದ ಎಣಿಕೆ ತಪ್ಪುತ್ತಿತ್ತು. ಪತ್ನಿ ಇಂದೂಬಾಯಿಯವರು, "ದೇವರ ಮುಂದ ಕೂತು ಹೊಲಾ ನೋಡಾಕತ್ತೀರಿ. ಹೋಗಿ ಹೊಲಾನೇ ನೋಡ್ಕೊಂಡು ಬರ್ರಿ" ಎಂದರು. ರಾಯರು ಕಮಲಾಪುರದ ಬಸ್ಸು ಹತ್ತಿದರು. ಊರಿನ ಬೈಗುಳಕ್ಕೆ ಅವರು ಅಂಜಲಿಲ್ಲ. ತಮ್ಮ ಒಂದು ಮಾತಿನಿಂದ ಆರು ಹೊಟ್ಟೆ ಬರಿದಾದೀತೆಂದು ಅಂಜಿದರು.

ಅಂಬಮ್ಮ ಬದುವಿನ ಮೇಲೆ ನಿಂತಿದ್ದರು.

"ಬರ್ರಿ ರಾಯರ. ನಿಮ್ಮ ಸಜ್ಜಿ ಅರಿಷಿಣಾ ಹಚ್ಕೊಂಡು ಮದಿವಿಗಿ ನಿಂತದ, ಅಕ್ಷತಾ ಹಾಕ್ರಿ."

"ನನ್ನ ತಪ್ಪದ, ಅಂಬಮ್ಮ. ಏನು ತಪ್ಪಂತ ಮಾತ್ರ ತಿಳೀವಲ್ದು."

ಅಧಿಕಾರಿಯೊಬ್ಬ ಹಾಗೆ ನುಡಿದದ್ದನ್ನು ಆಕೆ ಅದುವರೆಗೆ ಕೇಳಿರಲಿಲ್ಲ. ಬಗ್ಗಿ, ಮಣ್ಣಿನಿಂದ ಒಂದು ಇದ್ದಲಿ ಚೂರು ಆಯ್ದು, ಒರೆಸಿ ನಾಲಿಗೆಗೆ ಮುಟ್ಟಿಸಿದರು. ಅದು ನಾಲಿಗೆಗೆ ಅಂಟಿಕೊಂಡಿತು.

"ಹೊಸಾ ಗಡಿಗಿ ತಂದ್ರ ಒಂದಿನ ನೀರಾಗ ಮುಳಗಿಸಿ ಇಡ್ತೀವ್ರಿ. ಇಲ್ಲಂದ್ರ ನಮಗಿಂತ ಮೊದಲ ಅದೇ ಕುಡೀತದ. ಇದಕ್ಕ ಏನರ ಕುಡಿಸಿ ಹಾಕ್ಸಿದ್ರೇನು?"

ಆರಿಸಲು ಹೊಡೆದ ನೀರಲ್ಲದೆ ಬೇರೇನೂ ಕುಡಿಸಿರಲಿಲ್ಲ. ಹಸಿದ ಇದ್ದಲಿ, ಪೈರಿನ ಪಾಲಿನ ಸಾರವನ್ನೆಲ್ಲ ತಾನೇ ಹೀರಿಕೊಂಡಿತ್ತು.

ರಾಯರು ಎಂಟು ದಿನ ರಜೆ ಹಾಕಿದರು. ಸೆಗಣಿ, ಗೋಮೂತ್ರ ಕಲಸಿದ ನೀರನ್ನು ಕೊಡದಲ್ಲಿ ಹೊತ್ತು ಸಾಲು ಸಾಲಿಗೆ ಎರೆದರು. ಅಂಬಮ್ಮನ ಮನೆಯವರೆಲ್ಲ ಜೊತೆಗಿದ್ದರು. ಒಂಬತ್ತನೆಯ ದಿನ ಸುಳಿಯಲ್ಲಿ ಹಸಿರು ಎಲೆಯೊಂದು ಕಂಡಾಗಲೂ ರಾಯರು ನಗಲಿಲ್ಲ. ಮರುದಿನ ಮತ್ತೆ ಬಂದು ನೋಡಿದರು. ಆ ವರ್ಷ ತೆನೆ ಸಣ್ಣದಾಯಿತು, ರೊಟ್ಟಿಗೆ ಮಾತ್ರ ಕೊರತೆಯಾಗಲಿಲ್ಲ. ಮರುವರ್ಷ ಹದಿನೈದು ದಿನ ಮಳೆ ಕೈಕೊಟ್ಟಾಗ ಸುತ್ತಲ ಉಸುಕು ಹೊಲಗಳು ಬಾಡಿದವು, ಅಂಬಮ್ಮನ ಸಜ್ಜೆ ನಿಂತಿತು.

ಮುಂದೆ ಶರಣಸಿರಸಗಿಯಲ್ಲಿರಲಿ, ಮಹಾಗಾಂವದಲ್ಲಿರಲಿ, ರೈತರ ಸಭೆಯಲ್ಲಿ ರಾಯರು ತಮ್ಮ ತಪ್ಪನ್ನೇ ಮೊದಲು ಹೇಳಿದರು. ಇದ್ದಲಿಗೆ ಹದಿನೈದು ದಿನ ಸೆಗಣಿ ನೀರು ಕುಡಿಸುವ ಪಾಠವನ್ನು ಅಂಬಮ್ಮನ ಹೆಸರಿನಲ್ಲೇ ಕಲಿಸಿದರು. ಸಲಹೆ ಕೊಟ್ಟ ಹೊಲಕ್ಕೆ ಮೂರನೆಯ ವಾರ ಅವರು ಹೋಗದೆ ಇದ್ದದ್ದಿಲ್ಲ. ಹೋಗುವಾಗಲೆಲ್ಲ ಮುಖ ಬಿಳುಪೇರಿರುತ್ತಿತ್ತು. ಇಷ್ಟು ವರ್ಷದ ಮೇಲೂ ಯಾಕೆ ಈ ಅಂಜಿಕೆ ಎಂದು ಕೇಳಿದವರಿಗೆ, "ಹೊಲಾ ಅವರದು, ಮಾತು ನಂದು" ಎಂದಷ್ಟೇ ಉತ್ತರ.

ಪರಮಾತ್ಮನು ರಾಯರಿಗೆ ನೂರು ಮುಂಗಾರು ಕಾಣಿಸಲಿ, ಕಾಲಿಗೆ ಹೊಲದ ದಾರಿ ತಪ್ಪದಿರಲಿ. ಬೇಡದ ಭಯಗಳನ್ನೆಲ್ಲ ಕಳೆದು, ಆ ಒಂದು ಅಂಜಿಕೆಯನ್ನು ಮಾತ್ರ ಅವರಲ್ಲಿ ಉಳಿಸಲಿ.