ಯಾರನ್ನೂ ನಂಬದ ವಕೀಲೆ
"ನಾನು ಯಾರನ್ನೂ ನಂಬುವವಳಲ್ಲ" ಎಂಬುದು ಕೊಚ್ಚಿಯ ಕಲೂರಿನಲ್ಲಿ ಗಾಂಜಾ ಕೇಸು ನಡೆಸುವ ನಮ್ಮ ಕಾಸರಗೋಡಿನ ವಕೀಲೆ ದಾಕ್ಷಾಯಣಿಯಕ್ಕನ ಜಂಬ. ಇಬ್ಬರು ಸಾಕ್ಷಿಗಳಿಲ್ಲದೆ ಇಡ್ಲಿ ಮುರಿಯುವುದಿಲ್ಲ. ಎಳನೀರಿನಲ್ಲಿ ನೀರುಂಟೆಂದು ಮಾರುವವನೇ ರುಜುವಾತು ಮಾಡಬೇಕು. ಅವರ ಕಕ್ಷಿದಾರ ಬಿಜು ಆಲುವದ ಆಟೊ ಚಾಲಕ. ಪ್ರಯಾಣಿಕನೊಬ್ಬ ಬಿಟ್ಟುಹೋದ ಮೂಟೆಯಲ್ಲಿ ಪೊಲೀಸರಿಗೆ ಗಾಂಜಾ ಸಿಕ್ಕಿತ್ತು. ಆಟೊ ಬಿಜುವಿನದಾದ್ದರಿಂದ ಅವನಿಗೆ ಗೊತ್ತಿತ್ತೆಂದೇ ಕಾನೂನಿನ ಊಹೆ. ಗೊತ್ತಿರಲಿಲ್ಲವೆಂದು ಅವನೇ ತೋರಿಸಬೇಕು, ಇಲ್ಲವಾದರೆ ಹತ್ತು ವರ್ಷ ಜೈಲು. ಜಾಮೀನಿನಲ್ಲಿ ಹೊರಬಂದವನ ಆಟೊವನ್ನು ಯಾರೂ ಹತ್ತದಿದ್ದಾಗ ಅಕ್ಕ ದಿನಾ ಅದರಲ್ಲೇ ಕೋರ್ಟಿಗೆ ಹೊರಟರು. ಅವರನ್ನು ನೋಡಿ ಈಗ ನೆರೆಯವರೂ ಹತ್ತುತ್ತಾರೆ. ಮೊನ್ನೆ ಅಕ್ಕ ಕೈಚೀಲವನ್ನು ಬಿಜುವಿನ ಆಟೊದಲ್ಲೇ ಬಿಟ್ಟು ನಮ್ಮ ಮನೆಗೆ ಚಹಾಕ್ಕೆ ಬಂದರು. "ಅಯ್ಯೋ ಅಕ್ಕಾ, ಚೀಲದಲ್ಲಿ ನಿಮ್ಮ ಚಿನ್ನದ ಬಳೆ ಉಂಟಲ್ಲ!" ಎಂದು ನಾನು ಹೌಹಾರಿದೆ. ಅಕ್ಕ ಚಹಾ ಊದಿದರು: "ಇರಲಿ ಮಾರಾಯ್ರೆ, ಚೀಲದಲ್ಲಿ ಏನುಂಟೆಂದು ಅವನಿಗೆ ಹೇಗೆ ಗೊತ್ತು?"